ಓದುಗರ ಪ್ರಶ್ನೆ, ವೈದ್ಯರ ಉತ್ತರ: ಶ್ವಾಸಕೋಶದ ಗೆಡ್ಡೆಗೆ ಜೀನ್ ಪರೀಕ್ಷೆ ಏಕೆ?

ಈ ಬಾರಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಶ್ವಾಸಕೋಶದ ಕ್ಯಾನ್ಸರ್‌ಗೆ ಸಂಬಂಧಿಸಿದವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 56 ವರ್ಷ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವರಲ್ಲ. ತಿಂಗಳುಗಟ್ಟಲೆ ಕೆಮ್ಮು ಬಿಡದಿದ್ದಾಗ ಬಯಾಪ್ಸಿ ಮಾಡಿಸಿದೆವು. ಶ್ವಾಸಕೋಶದ ಅಡಿನೋಕಾರ್ಸಿನೋಮ (ಒಂದು ಬಗೆಯ ಕ್ಯಾನ್ಸರ್) ಎಂದು ವರದಿ ಬಂದಿದೆ. ಬೆಂಗಳೂರಿನ ವೈದ್ಯರು ‘ಇಜಿಎಫ್‌ಆರ್’ ಎಂಬ ಜೀನಿನ ಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ಚಿಕಿತ್ಸೆ ನಿರ್ಧರಿಸೋಣ ಎನ್ನುತ್ತಾರೆ. ನೆಂಟರೆಲ್ಲ ಕೂಡಲೇ ಕೀಮೋ ಶುರುಮಾಡಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಕಾಯುವುದು ಸರಿಯೇ? ಸೌದೆ ಒಲೆಯ ಹೊಗೆಯಿಂದ ಹೀಗಾಯಿತೇ?
ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ನೆಂಟರ ಕಳವಳ ಸಹಜವಾದದ್ದೇ. ಆದರೂ ನಿಮ್ಮ ವೈದ್ಯರ ಮಾತು ಸರಿ, ಅದರಲ್ಲೂ ತಂಬಾಕನ್ನು ಮುಟ್ಟದ ನಿಮ್ಮ ತಾಯಿಯವರ ವಿಷಯದಲ್ಲಿ ಇನ್ನೂ ಸರಿ. ಅದಕ್ಕೆ ಕಾರಣ 2004ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿದೆ.

ಜೆಫಿಟಿನಿಬ್ ಎಂಬ ಮಾತ್ರೆಗೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಾಗ ವೈದ್ಯರನ್ನು ಕಾಡಿದ ಪ್ರಶ್ನೆಯೊಂದಿತ್ತು. ಮಾತ್ರೆ ನುಂಗಿದವರಲ್ಲಿ ಬಹುಪಾಲು ಮಂದಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗುತ್ತಿರಲಿಲ್ಲ. ಕೆಲವೇ ಕೆಲವರ ಗೆಡ್ಡೆ ಮಾತ್ರ ಕೆಲವು ವಾರಗಳಲ್ಲಿ ಕರಗಿದಂತೆ ಕುಗ್ಗುತ್ತಿತ್ತು, ಮತ್ತು ಆ ಕೆಲವರಲ್ಲಿ ಹೆಂಗಸರು, ಧೂಮಪಾನ ಮಾಡದವರು, ಏಷ್ಯಾ ಮೂಲದವರು ಹೆಚ್ಚಾಗಿದ್ದರು. ಇದರ ಮೂಲವನ್ನು 2004ರಲ್ಲಿ ಅಮೆರಿಕದ ಮೂರು ತಂಡಗಳು ಬೇರೆಬೇರೆಯಾಗಿ ಪತ್ತೆಹಚ್ಚಿದವು. ಎರಡು ತಂಡಗಳು ಬಾಸ್ಟನ್ನಿನವು. ಮೂರನೆಯದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ವಿಲಿಯಂ ಪಾವ್ ಅವರು ಹೆರಾಲ್ಡ್ ವಾರ್ಮಸ್ ಅವರೊಡನೆ ಸೇರಿ ನಡೆಸಿದ ಕೆಲಸ. ವಾರ್ಮಸ್ ಅವರು ಕ್ಯಾನ್ಸರ್ ಜೀನ್‌ಗಳ ಮೂಲ ನಮ್ಮದೇ ಸಹಜ ಜೀವಕೋಶಗಳಲ್ಲಿದೆ ಎಂದು ತೋರಿಸಿದ್ದಕ್ಕಾಗಿ 1989ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು.

ಪಾವ್ ಅವರ ಪ್ರಬಂಧದ ಎರಡು ಅಂಕಿಗಳು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಎಂದೂ ಧೂಮಪಾನ ಮಾಡದವರ 15 ಅಡಿನೋಕಾರ್ಸಿನೋಮ ಗೆಡ್ಡೆಗಳಲ್ಲಿ 7ರಲ್ಲಿ ಇಜಿಎಫ್‌ಆರ್ ಜೀನ್ ಬದಲಾಗಿತ್ತು. ಧೂಮಪಾನಿಗಳ 81 ಗೆಡ್ಡೆಗಳಲ್ಲಿ ಆ ಬದಲಾವಣೆ ಇದ್ದದ್ದು 4ರಲ್ಲಿ ಮಾತ್ರ. ಮಾತ್ರೆಗೆ ಕುಗ್ಗಿದ ಗೆಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಈ ಬದಲಾವಣೆ ಕಂಡಿತು, ಮಾತ್ರೆಗೆ ಬಗ್ಗದ ಗೆಡ್ಡೆಗಳಲ್ಲಿ ಒಂದರಲ್ಲೂ ಕಾಣಲಿಲ್ಲ. ಅಷ್ಟು ಚಿಕ್ಕ ಸಂಖ್ಯೆಗಳಿಂದ ಹೊರಟ ಆ ಮಾತು ಮುಂದೆ ಸಾವಿರಾರು ರೋಗಿಗಳಲ್ಲಿ ನಿಜವೆಂದು ಸಾಬೀತಾದದ್ದು ಈ ವಿಜ್ಞಾನದ ದೊಡ್ಡ ಸಾಧನೆ ಎಂದೇ ನಾನು ಭಾವಿಸುತ್ತೇನೆ.

ಇಜಿಎಫ್‌ಆರ್ ಎಂಬುದು ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ಹೊರಗಿನಿಂದ ಬೆಳವಣಿಗೆಯ ಸಂಕೇತ ಬಂದು ತಗುಲಿದಾಗ ಮಾತ್ರ ಅದು ಒಳಕ್ಕೆ ‘ವಿಭಜನೆಯಾಗು’ ಎಂಬ ಸಂದೇಶ ಕಳಿಸಬೇಕು. ಅದನ್ನು ರೂಪಿಸುವ ಜೀನ್‌ನ 19ನೇ ಎಕ್ಸಾನ್‌ನಲ್ಲಿ (ಎಕ್ಸಾನ್ ಎಂದರೆ ಜೀನ್‌ನ ಒಂದು ಭಾಗ) ಒಂದು ಚಿಕ್ಕ ತುಂಡು ಬಿಟ್ಟುಹೋದರೆ, ಅಥವಾ 21ನೇ ಎಕ್ಸಾನ್‌ನಲ್ಲಿ ಒಂದೇ ಅಕ್ಷರ ಬದಲಾಗಿ ಪ್ರೋಟೀನಿನ 858ನೇ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಆರ್ಜಿನಿನ್ ಬಂದು ಕುಳಿತರೆ, ಬೋರ್‌ವೆಲ್ಲಿನ ಸ್ಟಾರ್ಟರ್ ಸಿಕ್ಕಿಕೊಂಡು ಗುಂಡಿ ಒತ್ತದೆಯೂ ಮೋಟಾರು ಓಡುತ್ತಲೇ ಇರುವಂತಾಗುತ್ತದೆ. ಜೀನ್‌ನಲ್ಲಾಗುವ ಇಂಥ ಬದಲಾವಣೆಗೆ ಮ್ಯುಟೇಶನ್ ಎನ್ನುತ್ತಾರೆ. ಇಜಿಎಫ್‌ಆರ್ ಮ್ಯುಟೇಶನ್‌ಗಳಲ್ಲಿ ಹೆಚ್ಚಿನ ಪಾಲು ಈ ಎರಡೇ. ಹೀಗೆ ಕೆಟ್ಟ ಗೆಡ್ಡೆ ಆ ಒಂದು ಪ್ರೋಟೀನನ್ನೇ ನೆಚ್ಚಿಕೊಂಡು ಬದುಕುತ್ತದೆ. ಪ್ರೋಟೀನು ಶಕ್ತಿಗಾಗಿ ಎಟಿಪಿ ಅಣುವನ್ನು ಹಿಡಿಯುವ ಜಾಗದಲ್ಲೇ ಮಾತ್ರೆ ಹೋಗಿ ಕೂರುವುದರಿಂದ ಗೆಡ್ಡೆ ಅಷ್ಟು ಬೇಗ ಕುಗ್ಗುತ್ತದೆ.

ಹಾಗಿದ್ದರೆ ಧೂಮಪಾನ ಮಾಡದವರಿಗೆಲ್ಲ ಪರೀಕ್ಷೆಯಿಲ್ಲದೆಯೇ ಮಾತ್ರೆ ಕೊಡಬಾರದೇಕೆ ಎಂದು ನೀವು ಕೇಳಬಹುದು. ಪೂರ್ವ ಏಷ್ಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ‘ಐಪಾಸ್’ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಅದರಲ್ಲಿ ಪಾಲ್ಗೊಂಡವರಲ್ಲಿ ಹೆಚ್ಚಿನವರು ಧೂಮಪಾನ ಮಾಡದವರೇ. ಮ್ಯುಟೇಶನ್ ಇದ್ದವರಲ್ಲಿ ಜೆಫಿಟಿನಿಬ್ ಕೀಮೋಗಿಂತ ಹೆಚ್ಚು ಕಾಲ ರೋಗವನ್ನು ತಡೆದು ಹಿಡಿಯಿತು. ಮ್ಯುಟೇಶನ್ ಇಲ್ಲದವರಲ್ಲಿ ಕೀಮೋವೇ ಸ್ಪಷ್ಟವಾಗಿ ಮೇಲಾಯಿತು. ಅಂದಾಜಿನ ಮೇಲೆ ಚಿಕಿತ್ಸೆ ಕೊಟ್ಟರೆ ಎರಡೂ ಕಡೆ ನಷ್ಟ. ನಮ್ಮ ದೇಶದ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಸುಮಾರು ಕಾಲು ಭಾಗದವರಿಗೆ ಈ ಮ್ಯುಟೇಶನ್ ಇರುತ್ತದೆ.

ಈ ಕಾಯುವ ದಿನಗಳಲ್ಲಿ ನೀವು ಮಾಡಬಹುದಾದ ಕೆಲಸವೊಂದಿದೆ. ಬಯಾಪ್ಸಿಯ ತುಣುಕನ್ನು ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂರಿಸಿರುತ್ತಾರೆ. ಅದಕ್ಕೆ ‘ಪ್ಯಾರಾಫಿನ್ ಬ್ಲಾಕ್’ ಎನ್ನುತ್ತಾರೆ. ಜೀನ್ ಪರೀಕ್ಷೆಗೆ ಬೇಕಾದದ್ದು ಅದೇ. ವರದಿಯ ಹಾಳೆಯಾಗಲಿ ಎಕ್ಸ್‌ರೇ ಆಗಲಿ ಅದಕ್ಕೆ ಬದಲಾಗುವುದಿಲ್ಲ. ಬಯಾಪ್ಸಿ ಒಂದು ಊರಿನಲ್ಲಿ, ಚಿಕಿತ್ಸೆ ಇನ್ನೊಂದು ಊರಿನಲ್ಲಿ ಆಗುವ ನಮ್ಮ ಕಡೆಯ ರೋಗಿಗಳಿಗೆ ಎಷ್ಟೋ ಸಲ ತಡವಾಗುವುದು ಪ್ರಯೋಗಾಲಯದಲ್ಲಲ್ಲ, ಈ ಬ್ಲಾಕ್ ಕಪಾಟಿನಲ್ಲೇ ಉಳಿದುಬಿಡುವುದರಿಂದ. ಬಯಾಪ್ಸಿ ಆದ ಕಡೆ ಸಹಿ ಮಾಡಿ ಬ್ಲಾಕನ್ನು ಪಡೆದು, ಬಿಸಿಲಿಗೆ ಕಾಯದಂತೆ ಒಯ್ದು ಕೊಡಿ. ಅದರಲ್ಲಿ ಗೆಡ್ಡೆಯ ಜೀವಕೋಶಗಳು ಸಾಲದಿದ್ದರೆ ರಕ್ತದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎಯನ್ನು ಪರೀಕ್ಷಿಸುವ ದಾರಿಯೂ ಇದೆ. ಈ ನಡುವೆ ಉಸಿರಾಟದ ತೊಂದರೆ ಹೆಚ್ಚಾದರೆ ಮಾತ್ರ ಫಲಿತಾಂಶಕ್ಕೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಇನ್ನು ಒಲೆಯ ಹೊಗೆ. ಒಬ್ಬ ವ್ಯಕ್ತಿಯ ಗೆಡ್ಡೆಗೆ ಇದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಆದರೆ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಲ್ಲಿನ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿ, ಮೊದಲೇ ಇಜಿಎಫ್‌ಆರ್ ಮ್ಯುಟೇಶನ್ ಹೊತ್ತು ಸುಮ್ಮನಿದ್ದ ಜೀವಕೋಶಗಳನ್ನು ಗೆಡ್ಡೆಯಾಗುವತ್ತ ದೂಡುತ್ತವೆ. ಆ ಅಧ್ಯಯನ ನಡೆದದ್ದು ಹೊರಗಿನ ಗಾಳಿಯ ಬಗ್ಗೆ. ಸೌದೆಯ ಹೊಗೆಯಲ್ಲೂ ಅಂಥ ಕಣಗಳು ಹೇರಳವಾಗಿರುವುದರಿಂದ ಮನೆಯವರೆಲ್ಲರ ಹಿತಕ್ಕಾಗಿ ಒಲೆಯನ್ನು ಬದಲಿಸಿರಿ ಎಂದೇ ನನ್ನ ಸಲಹೆ.

ಪ್ರಶ್ನೆ: ತಂದೆ ಕೆಜಿಎಫ್ ಗಣಿಯ ಒಳಗೆ ವರ್ಷಾನುಗಟ್ಟಲೆ ದುಡಿದವರು, ಬೀಡಿಯನ್ನೂ ಸೇದುತ್ತಿದ್ದರು. ವರದಿಯಲ್ಲಿ ‘ಇಜಿಎಫ್‌ಆರ್ ಇಲ್ಲ, ಕೆರಾಸ್ ಇದೆ’ ಎಂದಿದೆ. ಇದು ದೂಳಿನಿಂದಲೇ? ಮಾತ್ರೆ ಕೊಡಬಹುದೇ?
ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ

ಉತ್ತರ: ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದಷ್ಟೇ ಅಲ್ಲ, ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ತೀರ್ಮಾನಿಸಿದೆ. ಗಣಿ 2001ರಲ್ಲಿ ಮುಚ್ಚಿದರೂ ಒಳಗೆ ಸೇರಿದ ದೂಳು ಹೊರಬಂದಿಲ್ಲ. ಬೀಡಿಯ ಹೊಗೆ ಅದರೊಡನೆ ಸೇರಿದಾಗ ಅಪಾಯ ಇನ್ನೂ ಹೆಚ್ಚು.

ವರದಿಯ ಅರ್ಥ, ಮ್ಯುಟೇಶನ್ ಆಗಿರುವುದು ಇಜಿಎಫ್‌ಆರ್‌ನಲ್ಲಲ್ಲ, ಕೆರಾಸ್ ಎಂಬ ಇನ್ನೊಂದು ಜೀನ್‌ನಲ್ಲಿ ಎಂದು. ಕೆರಾಸ್ ಮ್ಯುಟೇಶನ್ ಇದ್ದಲ್ಲಿ ಜೆಫಿಟಿನಿಬ್‌ನಂಥ ಮಾತ್ರೆ ನಾಟುವುದಿಲ್ಲ ಎಂಬುದನ್ನು ಪಾವ್ ಅವರ ತಂಡವೇ 2005ರಲ್ಲಿ ತೋರಿಸಿತು. ಕೆರಾಸ್ ಪ್ರೋಟೀನು ಇಜಿಎಫ್‌ಆರ್‌ಗಿಂತ ಕೆಳಗಿನ ಹಂತದಲ್ಲಿ ಸಂದೇಶ ಸಾಗಿಸುವುದರಿಂದ ಮೇಲೆ ತಡೆದರೂ ಕೆಳಗೆ ನಿಲ್ಲುವುದಿಲ್ಲ. ಆದರೆ ವರದಿಯಲ್ಲಿ ‘ಕೆರಾಸ್’ ಪಕ್ಕದಲ್ಲಿ ‘ಜಿ12ಸಿ’ ಎಂದಿದೆಯೇ ಎಂದು ತಪ್ಪದೆ ನೋಡಿ. ತಂಬಾಕಿನ ಹೊಗೆ ಡಿಎನ್‌ಎಯಲ್ಲಿ ಉಂಟುಮಾಡುವ ವಿಶಿಷ್ಟ ಹಾನಿಯಿಂದ ಹುಟ್ಟುವ ಬದಲಾವಣೆ ಅದು. ಔಷಧಕ್ಕೆ ಸಿಗದ ಪ್ರೋಟೀನು ಎಂದು ದಶಕಗಳ ಕಾಲ ಕೈಬಿಟ್ಟಿದ್ದ ಕೆರಾಸ್‌ನಲ್ಲಿ, ಜಿ12ಸಿ ಆದಾಗ ಔಷಧ ಹಿಡಿಯಬಲ್ಲ ಒಂದು ತಗ್ಗು ಇದೆ ಎಂದು ಕ್ಯಾಲಿಫೋರ್ನಿಯಾದ ಕೆವನ್ ಶೋಕಟ್ ಅವರ ಪ್ರಯೋಗಾಲಯ 2013ರಲ್ಲಿ ತೋರಿಸಿತು. ಸೊಟೊರಾಸಿಬ್ ಎಂಬ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು, ಮೊದಲ ಚಿಕಿತ್ಸೆ ಪಡೆದ ಬಳಿಕ ರೋಗ ಮುಂದುವರಿದವರಿಗಾಗಿ. ಆದ್ದರಿಂದ ಮೊದಲ ಚಿಕಿತ್ಸೆ ಯಾವುದಾಗಬೇಕೆಂಬುದನ್ನು ನಿಮ್ಮ ಕ್ಯಾನ್ಸರ್ ತಜ್ಞರೇ ನಿರ್ಧರಿಸಲಿ.

ಪ್ರಶ್ನೆ: ಜೆಫಿಟಿನಿಬ್ ತೆಗೆದುಕೊಂಡು ಒಂದು ವರ್ಷ ನನ್ನ ಪತ್ನಿ ಆರೋಗ್ಯವಾಗಿದ್ದಳು. ಈಗ ಗೆಡ್ಡೆ ಮತ್ತೆ ಬೆಳೆದಿದೆ. ಮಾತ್ರೆ ನಕಲಿಯೇ?
ಓದುಗರೊಬ್ಬರು, ಚಿಂತಾಮಣಿ

ಉತ್ತರ: ಹಾಗೆ ಅನುಮಾನಿಸಬೇಕಿಲ್ಲ. ಗೆಡ್ಡೆಯೇ ಬದಲಾಗಿರುವ ಸಾಧ್ಯತೆ ಹೆಚ್ಚು. ಹೀಗೆ ಮರಳಿ ಬೆಳೆದ ಗೆಡ್ಡೆಗಳನ್ನು 2005ರಲ್ಲಿ ಪರೀಕ್ಷಿಸಿದ ಪಾವ್ ಅವರಿಗೆ 5 ರೋಗಿಗಳಲ್ಲಿ 2 ಮಂದಿಯ ಗೆಡ್ಡೆಯಲ್ಲಿ, ಹಳೆಯ ಮ್ಯುಟೇಶನ್ ಜೊತೆಗೆ ‘ಟಿ790ಎಂ’ ಎಂಬ ಎರಡನೆಯದೊಂದು ಕಂಡಿತು. ಇಂಥ ಮಾತ್ರೆಗಳಿಗೆ ಬಗ್ಗದಂತಾದ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದೇ ಕಾರಣ ಎಂದು ಮುಂದೆ ತಿಳಿಯಿತು. ಇದನ್ನೂ ತಡೆಯಬಲ್ಲ ಒಸಿಮರ್ಟಿನಿಬ್ 2015ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಆದ್ದರಿಂದ ಮತ್ತೊಮ್ಮೆ ಬಯಾಪ್ಸಿ ಅಥವಾ ರಕ್ತಪರೀಕ್ಷೆ ಮಾಡಿಸಿ ಟಿ790ಎಂ ಇದೆಯೇ ಎಂದು ನೋಡಬೇಕು. ಈಗಷ್ಟೇ ಚಿಕಿತ್ಸೆ ಆರಂಭಿಸುವ ಇತರ ಓದುಗರಿಗೆ ಒಂದು ಮಾತು: ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 350 ರೋಗಿಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೆಫಿಟಿನಿಬ್ ಒಂದನ್ನೇ ಕೊಟ್ಟಾಗ ರೋಗ ಹತೋಟಿಯಲ್ಲಿದ್ದ ಮಧ್ಯಕ ಅವಧಿ 8 ತಿಂಗಳು, ಅದರ ಜೊತೆ ಕೀಮೋ ಸೇರಿಸಿದಾಗ 16 ತಿಂಗಳು. ಅಡ್ಡಪರಿಣಾಮಗಳು ಹೆಚ್ಚಾದದ್ದೂ ನಿಜ. ಎಲ್ಲರಿಗೂ ಕೈಗೆಟಕುವ ಹಳೆಯ ಔಷಧಗಳಿಂದಲೇ ಇಷ್ಟನ್ನು ಸಾಧಿಸಿದ ಆ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ.

ಪ್ರಶ್ನೆ: ಅಮ್ಮನಿಗೆ ‘ಜೀನ್ ದೋಷ’ ಎಂದಿದ್ದಾರೆ. ನಮಗೂ, ನಮ್ಮ ಮಕ್ಕಳಿಗೂ ಬರುತ್ತದೆಯೇ?
ಓದುಗರೊಬ್ಬರು, ಮಾಲೂರು

ಉತ್ತರ: ಈ ಮ್ಯುಟೇಶನ್ ಅವರು ಹುಟ್ಟುವಾಗ ತಂದದ್ದಲ್ಲ, ಶ್ವಾಸಕೋಶದ ಒಂದು ಜೀವಕೋಶದಲ್ಲಿ ಬದುಕಿನ ನಡುವೆ ಉಂಟಾಗಿ ಆ ಗೆಡ್ಡೆಯಲ್ಲಿ ಮಾತ್ರ ಇರುವಂಥದ್ದು. ತೀರ ಅಪರೂಪದ ಕುಟುಂಬಗಳನ್ನು ಬಿಟ್ಟರೆ ಅದು ಮಕ್ಕಳಿಗೆ ಇಳಿಯುವುದಿಲ್ಲ. ಮಗಳ ಮದುವೆಯ ಮಾತುಕತೆಗೆ ಇದರಿಂದ ಅಡ್ಡಿಯಾದೀತು ಎಂದು ಬರೆದಿದ್ದೀರಿ. ಆ ಭಯಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲವೆಂದು ಗಂಡಿನ ಕಡೆಯವರಿಗೆ ಧೈರ್ಯವಾಗಿ ಹೇಳಿ. ಬೇಕಿದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದಲೇ ಅದನ್ನು ಬರೆಸಿಕೊಳ್ಳಬಹುದು.