ಬಿಸಿಲಿಗೆ ಬರಲಾರದವನು ಹೈಸ್ಕೂಲಿಗೆ ಹೇಗೆ ಬಂದ?

ಸಾಗರದ ಓದುಗರೊಬ್ಬರ ಪತ್ರ (ಸಂಕ್ಷಿಪ್ತ): “ನನಗೆ ಹತ್ತೊಂಬತ್ತು ವರ್ಷ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೈಸ್ಕೂಲಿನಲ್ಲಿ ನಡೆಯುವ ನನ್ನ ಪ್ರೇಮ ಕಾದಂಬರಿಯನ್ನು ‘ನಿಯಮ ನಿಲ್ಲುತ್ತಿಲ್ಲ, ಶಾಲೆ ನಂಬುವಂತಿಲ್ಲ’ ಎಂಬ ಒಂದೇ ಸಾಲು ಬರೆದು ವಾಪಸು ಕಳಿಸಿದ್ದೀರಿ. ನಾಯಕನೇ ಮುನ್ನೂರು ವರ್ಷದ ರಕ್ತಪಿಪಾಸು (ವ್ಯಾಂಪೈರ್). ಅಲ್ಲಿ ನಂಬುವ ಪ್ರಶ್ನೆ ಎಲ್ಲಿ ಬಂತು? ಕಥೆಯನ್ನು ಮಲೆನಾಡಿಗೆ ತಂದರೆ ಸರಿಹೋದೀತೆ?”

ಸಂಪಾದಕರ ಉತ್ತರ:

ರಕ್ತಪಿಪಾಸುವನ್ನು ಓದುಗರು ಮೊದಲ ಪುಟದಲ್ಲೇ ಒಪ್ಪಿಕೊಂಡುಬಿಡುತ್ತಾರೆ. ಅವನು ಹಾಜರಿ ಪುಸ್ತಕವನ್ನು ಹೇಗೆ ದಾಟಿದ ಎಂಬಲ್ಲಿ ತಕರಾರು ತೆಗೆಯುತ್ತಾರೆ. ಈ ಜಾತಿಯ ಕಥೆಗೆ ಎರಡು ಕಾನೂನು ಬೇಕು: ಅವನ ಮೈಯದೊಂದು, ಶಾಲೆಯ ಗಂಟೆಯದೊಂದು. ಎರಡೂ ಬಿಗಿಯಾಗಿದ್ದು ಒಂದಕ್ಕೊಂದು ಅಡ್ಡ ಬಂದರೆ ಪ್ರೇಮಿಗಳಿಗೆ ಸಂಕಟ, ಕಥೆಗೆ ಲಾಭ. ನಿಮ್ಮ ಹಸ್ತಪ್ರತಿಯಲ್ಲಿ ಎರಡೂ ಬೇಕಾದಾಗ ಸಡಿಲವಾಗುತ್ತವೆ.

ಬಿಸಿಲನ್ನೇ ತೆಗೆದುಕೊಳ್ಳಿ. ಮೂರನೇ ಅಧ್ಯಾಯದಲ್ಲಿ ಬಿಸಿಲು ತಾಗಿದರೆ ನಾಯಕನ ಚರ್ಮ ಸುಡುತ್ತದೆ. ಹನ್ನೊಂದರಲ್ಲಿ ಅವನು ಮಧ್ಯಾಹ್ನದ ಫುಟ್‌ಬಾಲ್ ಪಂದ್ಯದಲ್ಲಿ ಓಡುತ್ತಿದ್ದಾನೆ. ಅಲ್ಲಿ ಹೈಸ್ಕೂಲ್ ಫುಟ್‌ಬಾಲ್ ಸಾಮಾನ್ಯವಾಗಿ ನಡೆಯುವುದು ಶುಕ್ರವಾರ ರಾತ್ರಿ, ದೀಪದ ಬೆಳಕಲ್ಲಿ. ಅದು ಗೊತ್ತಿದ್ದಿದ್ದರೆ ನಿಮ್ಮ ನಿಯಮ ಮುರಿಯದೆಯೇ ಅವನನ್ನು ಊರೆಲ್ಲ ನೋಡುವಂತೆ ಮೈದಾನಕ್ಕೆ ಇಳಿಸಬಹುದಿತ್ತು. ಶಾಲಾ ವರ್ಷದ ಕೊನೆಗೆ ನಡೆಯುವ ಪ್ರಾಮ್ ನೃತ್ಯಕೂಟದ ರಾತ್ರಿ ಇದಕ್ಕೆ ತದ್ವಿರುದ್ಧ. ಏಳು ಗಂಟೆಗೆ ಅವನು ಕತ್ತಲಲ್ಲಿ ಕಾರಿನಿಂದ ಇಳಿಯುತ್ತಾನೆ ಎಂದು ಬರೆದಿದ್ದೀರಿ. ಮೇ ತಿಂಗಳ ನಡುವಿನಲ್ಲಿ ಆ ರಾಜ್ಯದ ಪಶ್ಚಿಮ ಭಾಗದಲ್ಲಿ ಸೂರ್ಯ ಮುಳುಗುವಾಗ ಸುಮಾರು ಎಂಟೂಮುಕ್ಕಾಲು ಆಗುತ್ತದೆ. ಹುಡುಗಿ ಒಬ್ಬಳೇ ಬಾಗಿಲಲ್ಲಿ ನಿಂತು ಕಾಯಬೇಕು, ಗೆಳತಿಯರು ಒಳಗೆ ಹೋಗಿಯಾಗಿರಬೇಕು. ಆ ಎರಡು ಗಂಟೆ ಒಂದು ಇಡೀ ಅಧ್ಯಾಯ, ನೀವದನ್ನು ಕೈಬಿಟ್ಟಿದ್ದೀರಿ. ಡಿಸೆಂಬರಿನಲ್ಲಂತೂ ಬೆಳಗಾಗುವುದೇ ಎಂಟರ ಹೊತ್ತಿಗೆ, ಕತ್ತಲು ಸಂಜೆ ನಾಲ್ಕೂವರೆಗೆ. ಶಾಲೆ ಬಿಡುವುದು ಎರಡೂವರೆ, ಮೂರರ ಸುಮಾರಿಗೆ. ಕತ್ತಲಲ್ಲಿ ಒಳಗೆ ಬಂದವನು ಖಾಲಿ ಕಟ್ಟಡದಲ್ಲಿ ಸಂಜೆಯವರೆಗೆ ಸಿಕ್ಕಿಬೀಳುತ್ತಾನೆ. ಅವನು ಲೈಬ್ರರಿಯಲ್ಲಿ ಯಾಕೆ ಕೂರುತ್ತಾನೆ ಎಂದು ಅವಳಿಗೆ ಅನುಮಾನ ಬರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಈಗ ಶಾಲೆಯ ಕಾನೂನು. ನಿಮ್ಮ ಅಮೆರಿಕದಲ್ಲಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಮೇಷ್ಟ್ರು ಬಂದು ಹೋಗುತ್ತಾರೆ. ಅದು ನಮ್ಮ ಪದ್ಧತಿ. ಅಲ್ಲಿ ಪ್ರತಿ ಪೀರಿಯಡ್ಡಿಗೆ ಕೋಣೆ ಬದಲಿಸುವವರು ಮಕ್ಕಳು. ನಡುವೆ ಸಿಗುವುದು ಐದು ನಿಮಿಷದ ಆಸುಪಾಸು. ಅಲ್ಲಿನ ಹೈಸ್ಕೂಲ್ ಕಾದಂಬರಿಗಳಲ್ಲಿ ಅಷ್ಟೊಂದು ಮಾತುಕತೆ ಪುಸ್ತಕ ಇಡುವ ಲಾಕರಿನ ಮುಂದೆ ನಡೆಯುವುದು ಅದಕ್ಕೇ. ಗಂಟೆ ಹೊಡೆಯುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಓದುಗರು ಪುಟ ತಿರುಗಿಸುತ್ತಾರೆ.

ಇನ್ನು ಹದಿನಾರರ ನಾಯಕಿ ಹೊಸ ಲೈಸೆನ್ಸ್ ಹಿಡಿದು ರಾತ್ರಿ ಎರಡಕ್ಕೆ ಅವನನ್ನು ಕೂರಿಸಿಕೊಂಡು ಕಾರು ಓಡಿಸುವ ಪ್ರಸಂಗ. ವಾಷಿಂಗ್ಟನ್ ರಾಜ್ಯದಲ್ಲಿ ಆ ವಯಸ್ಸಿಗೆ ಸಿಗುವುದು ಷರತ್ತಿನ ಲೈಸೆನ್ಸ್. ಮೊದಲ ಆರು ತಿಂಗಳು ಮನೆಯವರ ಹೊರತು 20ರೊಳಗಿನ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಮೊದಲ ವರ್ಷ ರಾತ್ರಿ 1ರಿಂದ 5ರವರೆಗೆ, 25 ತುಂಬಿದ ಲೈಸೆನ್ಸುಳ್ಳವರು ಜತೆಗಿಲ್ಲದೆ ಗಾಡಿ ಓಡಿಸುವಂತಿಲ್ಲ. ಪಕ್ಕದಲ್ಲಿರುವವನಿಗೆ ಮುನ್ನೂರು ದಾಟಿದೆ, ನಿಜ, ಕಾಗದದಲ್ಲಿ ಹದಿನೇಳು! ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕಾನೂನು ಒಂದೇ ಕಿಟಕಿಯಲ್ಲಿ ತಲೆ ಹಾಕುತ್ತವೆ.

ಮಲೆನಾಡಿಗೆ ತರುವ ಮಾತು. 2005ರಲ್ಲಿ ಬಂದ ‘ಟ್ವೈಲೈಟ್’ ಎಂಬ ರಕ್ತಪಿಪಾಸು ಪ್ರೇಮ ಕಾದಂಬರಿಯ ಲೇಖಕಿ ಸ್ಟೆಫನಿ ಮೇಯರ್ ಮೊದಲು ನಿಯಮ ಇಟ್ಟುಕೊಂಡು ಆಮೇಲೆ ಊರು ಹುಡುಕಿದವರು. ಬಿಸಿಲಲ್ಲಿ ಜನರ ಕಣ್ಣಿಗೆ ಬೀಳಬಾರದವರಿಗೆ ಮೋಡದ ಊರು ಬೇಕಿತ್ತು; ಇಂಟರ್ನೆಟ್ಟಿನಲ್ಲಿ ಹುಡುಕಿ, ಅಲ್ಲಿಗೆ ಹೋಗದೆಯೇ ಅದೇ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಊರನ್ನು ಆರಿಸಿ ಬರೆದರು. ಅದನ್ನು ನೋಡಿ ನೀವು ಫೋರ್ಕ್ಸ್ ಜಾಗದಲ್ಲಿ ಆಗುಂಬೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಆಗುಂಬೆಯ ಮಳೆ ಫೋರ್ಕ್ಸಿನ ಎರಡು ಪಟ್ಟಿಗೂ ಹೆಚ್ಚು, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಜನವರಿಯಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ನಿಮ್ಮ ನಾಯಕ ಎಲ್ಲಿ ಅಡಗಬೇಕು? ಮಳೆಗಾಲದಲ್ಲಾದರೂ ಶಾಲೆಗೆ ಬರಲಿ ಎಂದರೆ, ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ರಜೆ ಘೋಷಿಸಿಬಿಡುತ್ತಾರೆ. ಸೂರ್ಯಾಸ್ತವೂ ನಮ್ಮಲ್ಲಿ ವರ್ಷವಿಡೀ ಸುಮಾರು ಒಂದು ತಾಸಿನೊಳಗೇ ಹಿಂದೆಮುಂದೆ ಆಗುವುದು. ಬಿಸಿಲಿನ ನಿಯಮ ಇಲ್ಲಿ ಕಥೆ ಕಟ್ಟಲಾರದು.

ತರಬೇಕೆಂದೇ ಇದ್ದರೆ ನಾಯಕನನ್ನೇ ಬದಲಿಸಿ. ನಮ್ಮ ಬ್ರಹ್ಮರಾಕ್ಷಸನಿಗೆ ಸಿದ್ಧ ನಿಯಮಗಳಿವೆ: ಕಲಿತದ್ದನ್ನು ಯಾರಿಗೂ ಹೇಳಿಕೊಡದೆ ಸತ್ತ ವಿದ್ವಾಂಸ, ಮರದಲ್ಲಿ ವಾಸ, ವಿದ್ಯೆ ದಾಟಿಸಿದರೆ ಬಿಡುಗಡೆ. ಇವನಿಗೆ ಶಾಲೆಯ ಅಂಗಳಕ್ಕಿಂತ ತಕ್ಕ ಜಾಗವಿಲ್ಲ. ಅವಳಿಗೆ ಒಂದೊಂದು ಪಾಠ ಹೇಳಿಕೊಟ್ಟಂತೆ ಅವನು ಒಂದಿಷ್ಟು ಕರಗಬೇಕು. ಅವಳಿಗೆ ಅದು ತಿಳಿದ ದಿನದಿಂದ ಅರ್ಥವಾದದ್ದನ್ನೂ ಅರ್ಥವಾಗಲಿಲ್ಲ ಎನ್ನಲು ಶುರುಮಾಡುತ್ತಾಳೆ. ಪರೀಕ್ಷೆ ಮಾತ್ರ ಹತ್ತಿರ ಬರುತ್ತಿದೆ. ಊರಿನವರು ಇಂದಿಗೂ ಪೂಜಿಸುವ ಚೌಡಿ, ಭೂತಪ್ಪರ ತಂಟೆಗೆ ಮಾತ್ರ ಹೋಗಬೇಡಿ. ಅವರು ಯಾರ ಬಾಯ್‌ಫ್ರೆಂಡೂ ಆಗಲಾರರು.

ಕಥೆಯನ್ನು ಹೈಸ್ಕೂಲಿನಲ್ಲೂ ಇಡಬೇಡಿ. ಅಮೆರಿಕದ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ. ನಮ್ಮದು ಹತ್ತಕ್ಕೇ ಮುಗಿಯುತ್ತದೆ. ನಿಮ್ಮ ನಾಯಕಿಯ ವಯಸ್ಸಿಗೆ ಪಿಯುಸಿ ಸರಿ. ಹುಡುಗ ಹುಡುಗಿಯರ ಬೆಂಚು ಬೇರೆಯಾದ ಕಾಲೇಜಿನಲ್ಲೂ ಪ್ರಾಕ್ಟಿಕಲ್‌ಗೆ ರೋಲ್ ನಂಬರಿನ ಪ್ರಕಾರ ಬ್ಯಾಚ್ ಮಾಡುವಾಗ ಇಬ್ಬರಿಗೆ ಒಂದೇ ಮೇಜು ಬೀಳಬಹುದು. ಬ್ಯೂರೆಟ್ಟಿನಿಂದ ಹನಿ ಬೀಳುವುದನ್ನು ಒಟ್ಟಿಗೆ ನೋಡುತ್ತ ನಿಂತವರು ಪಿಸುಮಾತಾಡಿದರೆ ಯಾರೂ ತಲೆಯೆತ್ತುವುದಿಲ್ಲ.

ಒಂದು ವಿಷಯದಲ್ಲಿ ರಾಜಿಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟರೊಳಗಿನವರೆಲ್ಲ ಮಕ್ಕಳು. ಒಲವು, ಕಾಯುವಿಕೆ, ಜಗಳ ಎಷ್ಟಾದರೂ ಇರಲಿ. ಅದರಾಚೆಗಿನದು ನಮ್ಮ ಪುಟಕ್ಕೆ ಬೇಡ. ಏಳನೇ ಅಧ್ಯಾಯದಲ್ಲಿ ಅವನು ಕಿಟಕಿ ಹಾರಿ ಬಂದು ಅವಳು ನಿದ್ದೆ ಮಾಡುವುದನ್ನು ನೋಡುತ್ತ ಕೂರುತ್ತಾನಲ್ಲ, ಅದನ್ನು ನೀವು ಪ್ರೀತಿ ಎಂದು ಬರೆದಿದ್ದೀರಿ. ಯಾವ ಹಾಸ್ಟೆಲ್ ವಾರ್ಡನ್ನೂ ಹಾಗೆ ಕರೆಯುವುದಿಲ್ಲ. ಬಾಗಿಲು ತೆರೆಯುವ ಅಧಿಕಾರ ಅವಳ ಕೈಯಲ್ಲಿರಲಿ. ಕರೆಯದೆ ಹೊಸ್ತಿಲು ದಾಟಲಾರ ಎಂಬ ಹಳೆಯ ನಿಯಮ ರಕ್ತಪಿಪಾಸುಗಳಿಗೆ ಇದ್ದೇ ಇದೆ, ಬಳಸಿಕೊಳ್ಳಿ. ಈಗಿನ ಪ್ರತಿಯಲ್ಲಿ ಅವಳು ಮಾಡುವ ಕೆಲಸ ಬೆಚ್ಚುವುದು ಮತ್ತು ಕಾಯುವುದು, ಅಷ್ಟೇ.

ಅವನು ಯಾರೆಂದು ಅವಳಿಗೆ ತಿಳಿಯುವುದು ಮೂವತ್ತೆರಡರಲ್ಲಿ ಹತ್ತೊಂಬತ್ತನೇ ಅಧ್ಯಾಯದಲ್ಲಿ. ತುಂಬ ತಡ. ಓದುಗರಿಗೆ ಎರಡರಲ್ಲೇ ಗೊತ್ತಾಗಿದೆ. ಮುಂದಿನ ಹದಿನೇಳು ಅಧ್ಯಾಯ ಅವರು ಅವಳನ್ನು ಪೆದ್ದಿ ಎಂದುಕೊಂಡೇ ಓದಬೇಕು. ಎಂಟನೆಯದರೊಳಗೆ ಗುಟ್ಟು ಒಡೆಯಿರಿ. ತಿಳಿದ ಮೇಲೆ ಅವಳೇನು ಮಾಡುತ್ತಾಳೆ ಎಂಬುದಕ್ಕೆ ಉಳಿದ ಪುಟಗಳು ಬೇಕು.

ಮತ್ತೆ ಕಳಿಸುವಾಗ ಪೂರ್ತಿ ಪ್ರತಿ ಬೇಡ. ಅವನಿಗೆ ಏನು ಸಾಧ್ಯ, ಏನು ಅಸಾಧ್ಯ, ಮೀರಿದರೆ ಏನಾಗುತ್ತದೆ ಎಂದು ಒಂದು ಹಾಳೆ. ಆ ಕಾಲೇಜಿನ ವೇಳಾಪಟ್ಟಿ ಇನ್ನೊಂದು ಹಾಳೆ. ಜತೆಗೆ ಮೊದಲ ಮೂರು ಅಧ್ಯಾಯ, ತಲಾ 1,500 ಪದ ಮೀರದಂತೆ. ಹಾಳೆಯ ಒಂದೇ ಬದಿಗೆ ಬರೆಯಿರಿ.

– ಸಂ.