ಗಿರಿ ಹತ್ತುವಾಗ ಮೈಲೇಜ್ ಎಲ್ಲಿ ಹೋಯ್ತು?

ಪ್ರಶ್ನೆ: ಹೈವೇಯಲ್ಲಿ ನನ್ನ ಬೈಕ್ ಲೀಟರಿಗೆ 45 ಕೊಡುತ್ತದೆ. ಮುಳ್ಳಯ್ಯನಗಿರಿ ಕಡೆ ಹೋದರೆ 35ಕ್ಕೆ ಇಳಿಯುತ್ತದೆ. ಟ್ಯಾಂಕ್ 12 ಲೀಟರ್. ಎಷ್ಟು ದೂರ ನಂಬಬಹುದು?
– ಓದುಗರು, ಹಾಸನ

ಉತ್ತರ: ಗಾಡಿ ಕೆಟ್ಟಿಲ್ಲ, ಗಾಬರಿ ಬೇಡ. ಗಿರಿಯ ದಾರಿಯಲ್ಲಿ ಸಿಗುವ ಕೈಮರ ಎಂಬ ಊರು ದಾಟಿ ಏರು ಶುರುವಾದ ಮೇಲೆ ಸೆಕೆಂಡ್ ಗೇರ್‌ನಲ್ಲೇ ಎಳೆಸುತ್ತೀರಿ ಅಲ್ವಾ, ಹಿಂದೆ ಒಬ್ಬರು, ಮೇಲೆ ಲಗೇಜು ಬೇರೆ, ಪೆಟ್ರೋಲ್ ಜಾಸ್ತಿ ಕುಡಿಯದೆ ಇನ್ನೇನು ಮಾಡುತ್ತದೆ? 45ರ ಲೆಕ್ಕದಲ್ಲಿ 540 ಕಿ.ಮೀ. ಅಂತ ಹೊರಡಬೇಡಿ. 35 ಹಿಡಿಯಿರಿ, ಕೊನೆಯ 2 ಲೀಟರ್ ಮುಟ್ಟಬೇಡಿ. ಅಲ್ಲಿಗೆ 350. ಎಫ್‌ಐ (ಫ್ಯೂಯಲ್ ಇಂಜೆಕ್ಷನ್, ಅಂದರೆ ಕಾರ್ಬ್ಯುರೇಟರ್ ಬದಲು ಪಂಪ್ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಯಾದರೆ ಟ್ಯಾಂಕ್ ಒಣಗಿಸಲೇಬಾರದು, ಒಳಗಿನ ಪಂಪನ್ನು ತಣ್ಣಗಿಡುವುದೇ ಪೆಟ್ರೋಲ್. ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ಬರುವವರಿದ್ದಾರೆ, ಸುಮ್ನೆ ಬ್ರೇಕ್ ಕಾಯಿಸಿಕೊಳ್ಳುತ್ತಾರೆ. ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿಯಿರಿ, ಎಫ್‌ಐ ಗಾಡಿಗಳು ಸಾಮಾನ್ಯವಾಗಿ ಆಗ ತಾವೇ ಪೆಟ್ರೋಲ್ ನಿಲ್ಲಿಸುತ್ತವೆ.