ಇಂಗ್ಲೆಂಡಿನ ಹಳ್ಳಿ ಚರ್ಚಿನ ಸುತ್ತ ಬೇಸಿಗೆ ಹೇಗಿರುತ್ತದೆ? ಕ್ರೈಸ್ತರಲ್ಲದ ನಾವು ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಹೆಂಡತಿಗೆ ಹೆರೆಫರ್ಡ್‌ಶೈರ್ ಕಡೆ ಕೆಲಸ ಸಿಕ್ಕಿದೆ, ಜೂನ್‌ನಲ್ಲಿ ಅಲ್ಲಿನ ಒಂದು ಹಳ್ಳಿಗೆ ಹೋಗುತ್ತಿದ್ದೀರಿ, ಅಲ್ಲಿ ಬೇಸಿಗೆಯಲ್ಲಿ ಎಲ್ಲವೂ ಚರ್ಚಿನ ಸುತ್ತಲೇ ನಡೆಯುತ್ತದೆ ಅಂತ ಯಾರೋ ಹೇಳಿದರು, ನಾವು ಕ್ರೈಸ್ತರಲ್ಲ, ಹೋದರೆ ತಪ್ಪಾಗುತ್ತದಾ, ಹೋಗದಿದ್ದರೆ ಒಂಟಿಯಾಗಿಬಿಡುತ್ತೇವಾ.

ನಾನು ಅದೇ ಕಡೆಯ ಒಂದು ಹಳ್ಳಿಯಲ್ಲಿ ಒಂಬತ್ತು ಬೇಸಿಗೆ ಕಳೆದಿದ್ದೇನೆ. ಮೂಲ ತಿಪಟೂರಿನ ಹತ್ತಿರ. ಮನೆಯಲ್ಲಿ ದೇವರ ಗೂಡು ಇದೆ, ಶನಿವಾರ ಆಂಜನೇಯನಿಗೆ ದೀಪ ಹಚ್ಚುತ್ತೇವೆ. ಹಾಗಿದ್ದೂ ಈಗ ಚರ್ಚಿನ ಬೀಗದಕೈ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಈ ತಿಂಗಳು ಬೆಳಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಸರದಿ ನನ್ನದು. ಹಾಗಾಗಿ ನನ್ನ ಉತ್ತರ ಚಿಕ್ಕದು: ಮೊದಲ ಸಲ ಭಾನುವಾರ ಹೋಗಬೇಡಿ, ಶನಿವಾರ ಹೋಗಿ.

ಭಾನುವಾರ ಹೋದರೆ ನೀವು ಅತಿಥಿ. ಎಲ್ಲರೂ ನಗುತ್ತಾರೆ, ಯಾವ ಪುಸ್ತಕದ ಯಾವ ಪುಟ ಅಂತ ತೋರಿಸುತ್ತಾರೆ, ಕೊನೆಗೆ ಕಾಫಿ ಕೊಟ್ಟು ಹವೆಯ ಬಗ್ಗೆ ಮಾತಾಡುತ್ತಾರೆ, ಅಷ್ಟೇ. ಶನಿವಾರ ಬೆಳಗ್ಗೆ ಹೋದರೆ ಯಾರೋ ಒಬ್ಬ ಅಜ್ಜಿ ಕೈಗೆ ಪೊರಕೆ ಕೊಡುತ್ತಾಳೆ. ಅಲ್ಲಿಂದ ನೀವು ಊರಿನವರು.

ಮೊದಲು ಪ್ಯಾರಿಷ್ ಅಂದರೆ ಏನು ಅಂತ ಗೊತ್ತಿರಬೇಕು. ಅದು ನೆಲದ ಮೇಲೆ ಎಳೆದಿರುವ ಗಡಿ, ನಮ್ಮ ಊರಿನ ಎಲ್ಲೆ ಇದ್ದ ಹಾಗೆ. ಆ ಗಡಿಯೊಳಗೆ ವಾಸ ಮಾಡುವವರೆಲ್ಲ, ದೇವರನ್ನು ನಂಬಲಿ ಬಿಡಲಿ, ಒಂದು ಲೆಕ್ಕದಲ್ಲಿ ಆ ಚರ್ಚಿನ ಪಾಲಿನವರೇ. ಅಲ್ಲಿ ಮದುವೆಯಾಗುವ, ಚರ್ಚಿನಂಗಳದ ಸ್ಮಶಾನದಲ್ಲಿ ಜಾಗವಿದ್ದರೆ ಅಲ್ಲೇ ಮಣ್ಣಾಗುವ ಹಕ್ಕು ಅವರಿಗೆ ಕಾನೂನಿನಲ್ಲೇ ಇದೆ. ಆದ್ದರಿಂದ 'ನಾವು ಹೋಗಬಹುದಾ' ಅನ್ನುವ ಪ್ರಶ್ನೆ ಅಲ್ಲಿನವರಿಗೆ ಅರ್ಥವೇ ಆಗುವುದಿಲ್ಲ. ಅವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಕ್ರಿಸ್‌ಮಸ್ಸಿಗೆ, ಮದುವೆಗೆ, ಸಾವಿಗೆ ಮಾತ್ರ ಬರುವವರು. ನಮ್ಮಲ್ಲಿ ಮಾಮೂಲಿ ಭಾನುವಾರ ಹದಿನೈದು ಇಪ್ಪತ್ತು ಜನ ಸೇರಿದರೆ ಹೆಚ್ಚು.

ಇನ್ನೊಂದು ವಿಷಯ, ಪ್ರತಿ ಹಳ್ಳಿಗೆ ಒಬ್ಬ ಪಾದ್ರಿ ಇದ್ದ ಕಾಲ ಮುಗಿದಿದೆ. ನಮ್ಮ ಪಾದ್ರಿ ಒಬ್ಬ ಹೆಂಗಸು (ಆಂಗ್ಲಿಕನ್ನರು, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನವರು, ಇಂಗ್ಲೆಂಡಿನಲ್ಲಿ 1994ರಿಂದ ಹೆಂಗಸರಿಗೂ ಪಾದ್ರಿ ದೀಕ್ಷೆ ಕೊಡುತ್ತಿದ್ದಾರೆ), ನಾನು ಅವರನ್ನು ಪಾದ್ರಿ ಮೇಡಂ ಅಂತಲೇ ಕರೆಯುವುದು, ಅವರಿಗೂ ಅಭ್ಯಾಸವಾಗಿದೆ. ಏಳು ಹಳ್ಳಿಗಳ ಏಳು ಚರ್ಚು ಅವರೊಬ್ಬರ ತಲೆ ಮೇಲೆ. ಹಾಗಾಗಿ ಮೊದಲ ಭಾನುವಾರ ನಮ್ಮ ಊರು, ಎರಡನೆಯದು ಪಕ್ಕದ ಊರು, ಹೀಗೆ ಸರದಿ. ತಿಂಗಳಿಗೆ ಐದನೇ ಭಾನುವಾರ ಬಂದರೆ ಏಳೂ ಊರಿಗೂ ಸೇರಿ ಒಂದೇ ಕಡೆ. ಆಗಸ್ಟ್‌ನಲ್ಲಿ ಅವರು ರಜೆ ಹೋಗುತ್ತಾರೆ, ಆಗ ನಿವೃತ್ತರಾದ ಯಾರಾದರೂ ಹಳೇ ಪಾದ್ರಿ ಕಾರು ಓಡಿಸಿಕೊಂಡು ಬಂದು ನಡೆಸಿಕೊಡುತ್ತಾರೆ. ಅಂದರೆ ಚರ್ಚು ನಿಂತಿರುವುದು ಊರಿನವರ ಸರದಿ ಪಟ್ಟಿಯ ಮೇಲೆ. ಹೂವಿಗೆ ಸರದಿ, ಗುಡಿಸುವುದಕ್ಕೆ ಸರದಿ, ಹುಲ್ಲು ಕತ್ತರಿಸುವುದಕ್ಕೆ, ಕಾಫಿಗೆ, ಗಂಟೆಗೆ, ಬಾಗಿಲಿಗೆ. ಬಾಗಿಲ ಹತ್ತಿರದ ಬೋರ್ಡಿಗೆ ಪಿನ್ ಹೊಡೆದ ಆ ಹಾಳೆಯಲ್ಲಿ ನಿಮ್ಮ ಹೆಸರು ಬಂತೋ, ಮುಗಿಯಿತು.

ಬೇಸಿಗೆ ಶುರುವಾಗುವುದು ಮೇನಲ್ಲಿ. ಈಸ್ಟರ್ ಆದ ಐದನೇ ಭಾನುವಾರ ರೊಗೇಶನ್ ಭಾನುವಾರ, ಹೊಲಗಳಿಗೆ ಆಶೀರ್ವಾದ ಮಾಡುವ ದಿನ. ನಮ್ಮಲ್ಲಿ ಅವತ್ತು ಊರಿನ ಗಡಿ ಸುತ್ತುತ್ತಾರೆ. ಕೋಲು ಹಿಡಿದುಕೊಂಡು, ನಾಯಿಗಳನ್ನು ಕರೆದುಕೊಂಡು, ಬೇಲಿ ಹತ್ತಿ ಇಳಿದು, ಸೇಬಿನ ತೋಟ ದಾಟಿ, ಅಲ್ಲಲ್ಲಿ ನಿಂತು ಒಂದು ಪ್ರಾರ್ಥನೆ. ನಕ್ಷೆಗಳು ಇಲ್ಲದ ಕಾಲದಲ್ಲಿ ಗಡಿ ಎಲ್ಲಿದೆ ಅಂತ ಮುಂದಿನ ತಲೆಮಾರಿಗೆ ನೆನಪಿರಲಿ ಅಂತ ಹುಡುಗರನ್ನು ಗಡಿಕಲ್ಲಿಗೆ ಕುಕ್ಕುತ್ತಿದ್ದರಂತೆ. ಈಗ ಕುಕ್ಕುವುದಿಲ್ಲ, ಬಿಸ್ಕತ್ತು ಕೊಡುತ್ತಾರೆ. ನೀವು ಜೂನ್‌ನಲ್ಲಿ ಬರುವುದರಿಂದ ಈ ವರ್ಷ ಇದು ತಪ್ಪಿಹೋಗುತ್ತದೆ, ಮುಂದಿನ ವರ್ಷ ಬಿಡಬೇಡಿ. ಕೆಸರಿನ ಬೂಟು ಬೇಕು.

ಜೂನ್, ಜುಲೈ ಅಂದರೆ ಮದುವೆಗಳು. ಇಲ್ಲಿ ಚರ್ಚಿನ ಮದುವೆ ಅಂದರೆ ಅದಕ್ಕೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಎಲ್ಲರ ಮುಂದೆ ಓದಿ, ಯಾರಿಗಾದರೂ ತಕರಾರಿದ್ದರೆ ಹೇಳಿ ಅಂತ ಕೇಳಬೇಕು. ಕೇಳಿದ ಮೇಲೆ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ ನೋಡಿ, ಆ ಮೌನ ನನಗೆ ಬಹಳ ಇಷ್ಟ. ಮದುವೆಯ ಶನಿವಾರ ಬೆಳಗ್ಗೆ ಎಂಟಕ್ಕೇ ಗುಡಿಸಲು ಹೋಗಬೇಕು, ಕಾರಣ ಬಾವಲಿ. ನಮ್ಮ ಕಡೆ ಹಳೇ ದೇವಸ್ಥಾನದ ಗರ್ಭಗುಡಿಯಲ್ಲಿ ಬರುವ ವಾಸನೆ ಇದೆಯಲ್ಲ, ಅದೇ ವಾಸನೆ. ಮೊದಲ ದಿನ ಮೂಗಿಗೆ ಬಡಿದಾಗ ಊರು ನೆನಪಾಗಿ ಹೊಟ್ಟೆ ಚುರ್ ಅಂದಿತ್ತು. ಇಲ್ಲಿ ಬಾವಲಿಗಳಿಗೆ ಕಾನೂನಿನ ರಕ್ಷಣೆ ಇದೆ, ಓಡಿಸುವ ಹಾಗಿಲ್ಲ, ಅವು ಬರುವ ಕಿಂಡಿ ಮುಚ್ಚುವ ಹಾಗೂ ಇಲ್ಲ. ರಾತ್ರಿ ವೇದಿಕೆಗೆ ಪ್ಲಾಸ್ಟಿಕ್ ಹೊದಿಸಿ, ಬೆಳಗ್ಗೆ ತೆಗೆದು, ಹಿಕ್ಕೆ ಗುಡಿಸಿ, ಆಮೇಲೆ ಮದುಮಗಳಿಗೆ ಕಂಬಳಿ ಹಾಸುವುದು. ಫೋಟೋದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಗಂಟೆ ಬಾರಿಸುವುದನ್ನು ಕಲಿಯಿರಿ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಗೋಪುರದಲ್ಲಿ ಆರು ಗಂಟೆಗಳಿವೆ, ಬುಧವಾರ ಸಂಜೆ ಅಭ್ಯಾಸ. ನಂಬಿಕೆ ಇದೆಯಾ ಅಂತ ಯಾರೂ ಕೇಳುವುದಿಲ್ಲ, ಆರನೇ ಹಗ್ಗಕ್ಕೆ ಒಬ್ಬರು ಬೇಕು ಅಷ್ಟೇ. ಇಂಗ್ಲಿಷರು ಗಂಟೆಯಲ್ಲಿ ಹಾಡು ಬಾರಿಸುವುದಿಲ್ಲ, ಸರದಿ ಬದಲಾಯಿಸುತ್ತಾರೆ: 1 2 3 4 5 6, ಆಮೇಲೆ 2 1 4 3 6 5, ಹೀಗೆ ಒಮ್ಮೆ ಬಂದ ಸಾಲು ಮತ್ತೆ ಬರಬಾರದು. ಗೋಪುರದಲ್ಲಿ ಆರು ಗಂಟೆಗಳಿದ್ದರೆ 720 ಸಾಲು. ಏಳು ಗಂಟೆಗಳಿದ್ದರೆ 5,040, ಅದಕ್ಕೆ ಹತ್ತಿರ ಹತ್ತಿರ ಮೂರು ಗಂಟೆ ಹೊತ್ತು ಬೇಕು. ಬರೆದುಕೊಂಡು ನೋಡುವ ಹಾಗಿಲ್ಲ, ತಲೆಯಲ್ಲೇ ಇರಬೇಕು. ತಾಳ ಇದೆ, ರಾಗ ಇಲ್ಲ. ನಮ್ಮ ಮನೆಯಲ್ಲಿ ಮೃದಂಗ ಕಲಿತ ಮಗಳು ಇದನ್ನು ನನಗಿಂತ ಬೇಗ ಹಿಡಿದಳು. ಹಗ್ಗದ ಮೇಲೆ ಬಣ್ಣದ ಉಣ್ಣೆ ಸುತ್ತಿದ ಭಾಗ ಒಂದಿರುತ್ತದೆ, ಅದನ್ನು ತಪ್ಪು ಹೊತ್ತಿನಲ್ಲಿ ಹಿಡಿದುಕೊಂಡರೆ ಗಂಟೆ ನಿಮ್ಮನ್ನೇ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ, ಆದ್ದರಿಂದ ಬಿಡು ಅಂದಾಗ ಬಿಡಿ. ಮದುವೆಗೆ ಬಾರಿಸಿದರೆ ದುಡ್ಡೂ ಕೊಡುತ್ತಾರೆ. ಅಭ್ಯಾಸ ಮುಗಿದ ಮೇಲೆ ಪಬ್. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ, ಪಬ್ಬಿನ ಹೊರಗಿನ ಬೆಂಚಿನಲ್ಲಿ ಕೂತರೆ ಗೋಪುರದ ಸುತ್ತ ಸ್ವಿಫ್ಟ್ ಹಕ್ಕಿಗಳು ಕಿರುಚಿಕೊಂಡು ಸುತ್ತುವುದು ಕಾಣುತ್ತದೆ. ಮೇ ಮೊದಲ ವಾರ ಬರುತ್ತವೆ, ಆಗಸ್ಟ್ ಬರುತ್ತಿದ್ದ ಹಾಗೆ ಆಫ್ರಿಕಾಕ್ಕೆ ಹೊರಟುಬಿಡುತ್ತವೆ. ಅವು ಹೋದ ದಿನ ಬೇಸಿಗೆ ಮುಗಿಯಿತು ಅಂತ ನನ್ನ ಲೆಕ್ಕ, ಕ್ಯಾಲೆಂಡರ್ ಏನೇ ಹೇಳಲಿ.

ಈಗ ನನ್ನ ಎಡವಟ್ಟು. ಮೊದಲ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಸರದಿಗೆ ಹೆಸರು ಕೊಟ್ಟೆ. ಚರ್ಚಿನ ಅಂಗಳವೆಲ್ಲ ನೀಟಾಗಿತ್ತು, ಹಿಂದಿನ ಮೂಲೆಯಲ್ಲಿ ಹಳೇ ಸಮಾಧಿಗಳ ಮಧ್ಯೆ ಮಾತ್ರ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಪಾಪ, ವಯಸ್ಸಾದವರು, ಆಗಲಿಲ್ಲವೇನೋ ಅಂದುಕೊಂಡು ಅರ್ಧ ದಿನ ಬೆವರು ಸುರಿಸಿ ಪೂರ್ತಿ ಬೋಳಿಸಿಬಿಟ್ಟೆ. ಅದು ಬೇಕಂತಲೇ ಬಿಟ್ಟಿದ್ದ ಹೂಹುಲ್ಲುಗಾವಲು. ಯೆಲ್ಲೋ ರ‍್ಯಾಟಲ್ ಅಂತ ಒಂದು ಹಳದಿ ಹೂವಿನ ಗಿಡ ಇದೆ, ಬದನಿಕೆ ಮರದ ಸಾರ ಹೀರುವ ಹಾಗೆ ಇದು ಹುಲ್ಲಿನ ಬೇರಿನ ಸಾರ ಹೀರುತ್ತದೆ, ಹುಲ್ಲು ಸೊರಗಿದ ಜಾಗದಲ್ಲಿ ಬೇರೆ ಹೂಗಳು ಬರುತ್ತವೆ. ಅದು ಒಂದೇ ವರ್ಷ ಬದುಕುವ ಗಿಡ. ಬೀಜ ಉದುರುವ ಮುಂಚೆ ಕತ್ತರಿಸಿದರೆ ಮರುವರ್ಷ ಇಲ್ಲ. ನಾನು ಕತ್ತರಿಸಿದ್ದು ಜೂನ್ ಮೊದಲ ವಾರ.

ಯಾರೂ ಬೈಯಲಿಲ್ಲ. ಹೂವಿನ ಸರದಿಯ ಅಜ್ಜಿ ಬಂದು ನೋಡಿ, 'ಓ, ಬಹಳ ಅಚ್ಚುಕಟ್ಟಾಗಿದೆ' ಅಂದರು. ನಾನು ಹೊಗಳಿಕೆ ಅಂತ ಖುಷಿಯಾಗಿ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಎರಡು ವರ್ಷ ಆದ ಮೇಲೆ ಬೇರೆ ಯಾರೋ ನಗುತ್ತಾ ವಿಷಯ ತಿಳಿಸಿದರು. ಇಲ್ಲಿನವರ ಮಾತು ಹೀಗೇ, ಬೈಗುಳವೂ ಹೊಗಳಿಕೆಯ ಅಂಗಿ ಹಾಕಿಕೊಂಡು ಬರುತ್ತದೆ, ಸ್ವಲ್ಪ ಹುಷಾರು. ಪಕ್ಕದೂರಿನಿಂದ ಬೀಜ ತಂದು ಮತ್ತೆ ಚೆಲ್ಲಿದೆವು, ಈಗ ಚೆನ್ನಾಗಿ ಬಂದಿದೆ. 'ದಯವಿಟ್ಟು ಕತ್ತರಿಸಬೇಡಿ' ಅಂತ ಒಂದು ಪುಟ್ಟ ಬೋರ್ಡೂ ಇದೆ. ನಾನು ಬರುವ ಮುಂಚೆ ಅದು ಇರಲಿಲ್ಲ.

ಜುಲೈನ ಒಂದು ಶನಿವಾರ ಫೇಟ್. ಊರ ಜಾತ್ರೆ ಅನ್ನಿ, ತೇರು ಇಲ್ಲ, ದೇವರೂ ಹೊರಗೆ ಬರುವುದಿಲ್ಲ, ಕೇಕು ಬರುತ್ತದೆ. ಕೇಕಿನ ಅಂಗಡಿ, ಗಿಡಗಳ ಅಂಗಡಿ, ಹಳೇ ಪುಸ್ತಕ, ಲಾಟರಿ ಚೀಟಿ, ನಾಯಿಗಳ ಸ್ಪರ್ಧೆ, ಈ ಕೇಕಿನ ತೂಕ ಎಷ್ಟು ಹೇಳಿ ಅನ್ನುವ ಆಟ. ತೆಂಗಿನಕಾಯಿಗಳನ್ನು ಕಂಬದ ಮೇಲೆ ಇಟ್ಟು ಮರದ ಚೆಂಡಿನಿಂದ ಹೊಡೆದು ಬೀಳಿಸುವ ಆಟವೂ ಇದೆ, ಬಿದ್ದ ಕಾಯಿ ನಿಮ್ಮದು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಓದಿದ ತಿಪಟೂರು ಕಡೆಯವನಿಗೆ ಇದನ್ನು ನೋಡಿ ಏನಾಗಿರಬೇಕು ಯೋಚಿಸಿ! ಕಾಯಿಗೆ ಕಲ್ಲು ಹೊಡೆದರೆ ನಮ್ಮಜ್ಜಿ ನಾಲ್ಕು ಬಿಗಿಯುತ್ತಿದ್ದಳು. ಆದರೂ ಹೊಡೆದೆ, ಮೂರು ಗೆದ್ದೆ, ಗೆದ್ದವರು ಬಹಳಷ್ಟು ಜನಕ್ಕೆ ಒಡೆಯುವುದಕ್ಕೇ ಬರುವುದಿಲ್ಲ. ಚಪ್ಪಡಿ ಕಲ್ಲಿಗೆ ಒಂದೇ ಏಟಿಗೆ ಎರಡು ಹೋಳು ಮಾಡಿ ತೋರಿಸಿದ್ದೇ ತಡ, ಸಾಲು ನಿಂತುಬಿಟ್ಟರು. ಈಗ ವರ್ಷಾ ವರ್ಷಾ ಕಾಯಿ ಒಡೆಯುವುದು ನನ್ನ ಕೆಲಸ, ಒಂದಕ್ಕೆ 50 ಪೆನ್ಸ್, ಚರ್ಚಿನ ಡಬ್ಬಿಗೆ.

ಫೇಟಿನ ಭಯ ಎಲ್ಲ ಮಳೆಯದು. ಜುಲೈ 15 ಸಂತ ಸ್ವಿಥಿನ್ ದಿನ, ಅವತ್ತು ಮಳೆ ಬಂದರೆ ನಲವತ್ತು ದಿನ ಬಿಡುವುದಿಲ್ಲ ಅಂತ ಗಾದೆ. ವಿಂಚೆಸ್ಟರಿನ ಬಿಷಪ್ ಆಗಿದ್ದವರು, ಮಳೆ ಹನಿ ಬೀಳುವ ಕಡೆ ಹೊರಗೇ ಹೂಳಿ ಅಂದಿದ್ದರಂತೆ, 971ರಲ್ಲಿ ಅವರ ಅವಶೇಷ ತೆಗೆದು ಒಳಗೆ ಸಾಗಿಸಿದ್ದಕ್ಕೆ ಮಳೆ ಹಿಡಿಯಿತು ಅಂತ ಕಥೆ. ನಮ್ಮಲ್ಲಿ ಆಗ ಪುನರ್ವಸು ಮಳೆ, ಬರಲಿ ಅಂತ ಬೇಡಿಕೊಳ್ಳುವ ಕಾಲ. ಇವರ 1662ರ ಪ್ರಾರ್ಥನಾ ಪುಸ್ತಕದಲ್ಲಿ ಎರಡೂ ಇದೆ, ಮಳೆ ಬರಲಿ ಅಂತ ಒಂದು, ನಿಲ್ಲಲಿ ಅಂತ ಇನ್ನೊಂದು. ನಮ್ಮ ಪಾದ್ರಿ ಮೇಡಂ ಫೇಟಿನ ವಾರ ಯಾವುದನ್ನೂ ಓದುವುದಿಲ್ಲ. ಊರಲ್ಲಿ ರೈತರೂ ಇದ್ದಾರೆ, ಯಾಕೆ ಸುಮ್ನೆ ಜಗಳ ಅಂತಾರೆ.

ಇಷ್ಟೆಲ್ಲ ಮಾಡಿ ಹೋದ ವರ್ಷ ಎರಡು ಸಾವಿರ ಪೌಂಡಿಗೆ ಸ್ವಲ್ಪ ಜಾಸ್ತಿ ಸೇರಿತು. ಅದು ಛಾವಣಿಯ ಸೀಸದ ಹಾಳೆಗೆ, ಮಳೆನೀರು ಹರಿದುಹೋಗುವ ದೋಣಿಗೆ. ಚರ್ಚ್ ಆಫ್ ಇಂಗ್ಲೆಂಡ್ ಅಂದರೆ ಬಹಳ ಶ್ರೀಮಂತ, ಸರಕಾರ ನೋಡಿಕೊಳ್ಳುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ಮುಜರಾಯಿ ಇಲಾಖೆ ಇಲ್ಲ. ಸುಮಾರು 16,000 ಚರ್ಚು ಕಟ್ಟಡಗಳಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಪಟ್ಟಿಯಲ್ಲಿವೆ, ಆದರೆ ದುರಸ್ತಿ ಆಯಾ ಊರಿನ ಸಮಿತಿಯ ಹೊಣೆ. ಐದು ವರ್ಷಕ್ಕೊಮ್ಮೆ ಆರ್ಕಿಟೆಕ್ಟ್ ಬಂದು ನೋಡಿ ಉದ್ದ ಪಟ್ಟಿ ಕೊಟ್ಟು ಹೋಗುತ್ತಾರೆ. ಒಂದು ಬೆಂಚು ತೆಗೆಸಬೇಕು ಅಂದರೂ ಮೇಲಿನವರ ಅಪ್ಪಣೆ ಬೇಕು. ನಮ್ಮ ಚರ್ಚಿಗೆ ಶೌಚಾಲಯವೇ ಇಲ್ಲ, ಮದುವೆಗೆ ಬಂದವರನ್ನೆಲ್ಲ ಎದುರುಮನೆಗೆ ಕಳಿಸುತ್ತೇವೆ, ಎದುರುಮನೆ ನಮ್ಮದು.

ಭಾನುವಾರದ ಬಗ್ಗೆ ಎರಡು ಮಾತು. ಬೆಳಗ್ಗೆಯದರಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಪ್ರಸಾದ ಅಂತ ಕೈ ಚಾಚಬೇಡಿ, ಅದು ದೀಕ್ಷಾಸ್ನಾನ ಆದವರಿಗೆ. ಜಾಗದಲ್ಲೇ ಕೂತಿರಬಹುದು, ಇಲ್ಲ ಮುಂದೆ ಹೋಗಿ ಎದೆಯ ಮೇಲೆ ಕೈ ಕಟ್ಟಿ ನಿಂತರೆ ಬರೀ ಆಶೀರ್ವಾದ ಮಾಡಿ ಕಳಿಸುತ್ತಾರೆ. ನನಗೆ ಇಷ್ಟ ಸಂಜೆಯ ಪ್ರಾರ್ಥನೆ, ಈವನ್‌ಸಾಂಗ್ ಅಂತಾರೆ. ಅರ್ಧ ಗಂಟೆ, ಹತ್ತು ಹನ್ನೆರಡು ಜನ, ಹಳೇ ಇಂಗ್ಲಿಷ್. ಪಶ್ಚಿಮದ ಕಿಟಕಿಯಿಂದ ಬಿಸಿಲು ಉದ್ದಕ್ಕೂ ಬಿದ್ದಿರುತ್ತದೆ. ನಾನು ಪ್ರಾರ್ಥಿಸುವುದಿಲ್ಲ, ಕೂತಿರುತ್ತೇನೆ. ಜುಲೈ ಆದರೂ ಸ್ವೆಟರ್ ಒಯ್ಯಿರಿ, ಆ ಕಲ್ಲಿನ ಗೋಡೆಗಳು ಬೇಸಿಗೆಯ ಮಾತು ಕೇಳುವುದಿಲ್ಲ. ಹಾಡು ಇಷ್ಟವಿದ್ದರೆ ಹೆರೆಫರ್ಡ್ ಕ್ಯಾಥೆಡ್ರಲ್ಲಿಗೆ ಹೋಗಿ, ಹೆರೆಫರ್ಡ್, ಗ್ಲಾಸ್ಟರ್, ವೂಸ್ಟರ್ ಮೂರು ಊರಲ್ಲಿ ಸರದಿ ಮೇಲೆ ನಡೆಯುವ ಥ್ರೀ ಕ್ವಾಯರ್ಸ್ ಉತ್ಸವ 300 ವರ್ಷಕ್ಕೂ ಹಳೆಯದು.

ಒಂಟಿತನದ ಬಗ್ಗೆ ಸುಳ್ಳು ಹೇಳುವುದಿಲ್ಲ. ಚರ್ಚಿನಲ್ಲಿ ಸಿಗುವವರು ಹೆಚ್ಚಿನವರು ಅರವತ್ತು ದಾಟಿದವರು. ನಿಮ್ಮ ವಯಸ್ಸಿನವರು ಶಾಲೆಯ ಗೇಟಿನ ಹತ್ತಿರ ಸಿಗುತ್ತಾರೆ, ಇಲ್ಲಿ ಅಲ್ಲ. ನನ್ನ ಮೊದಲ ಸ್ನೇಹಿತರಲ್ಲಿ ನಾಲ್ಕು ಜನರನ್ನು ಈಗಾಗಲೇ ಅದೇ ಅಂಗಳದಲ್ಲಿ ಮಣ್ಣು ಮಾಡಿದ್ದೇವೆ, ಅವರಲ್ಲಿ ಮೂವರಿಗೆ ಗಂಟೆ ಬಾರಿಸಿದವನು ನಾನೇ.

ಬರುವಾಗ ಕೋಡುಬಳೆಗೆ ಅಕ್ಕಿಹಿಟ್ಟು, ಬ್ಯಾಡಗಿ ಮೆಣಸಿನಪುಡಿ ತಂದುಕೊಳ್ಳಿ. ನಮ್ಮ ಫೇಟಿನಲ್ಲಿ ಇಪ್ಪತ್ತು ನಿಮಿಷಕ್ಕೆ ಖಾಲಿಯಾಗುತ್ತದೆ. ಏನೇನು ಹಾಕಿದೆ ಅಂತ ಚೀಟಿ ಅಂಟಿಸುವುದು ಮರೆಯಬೇಡಿ, ಕಡಲೆಕಾಯಿ ಅಲರ್ಜಿ ಇಲ್ಲಿ ಸಣ್ಣ ವಿಷಯ ಅಲ್ಲ.